400ರಿಂದ ಶುರುವಾಗುವ ಸಂಖ್ಯೆ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ಒಬ್ಬರ ವಿದ್ಯಾರ್ಥಿ ಸಂಖ್ಯೆಯಾದ ಯುಎಸ್‌ಎನ್ ಕಂಡರೆ ಅವರ ಅರ್ಧ ಜಾತಕ ಗೊತ್ತಾಗಿಬಿಡುತ್ತದೆ. ಮೊದಲ ಅಂಕಿ ಪ್ರದೇಶದ್ದು, ಆಮೇಲಿನ ಎರಡಕ್ಷರ ಕಾಲೇಜಿನದು, ಅದಾದ ಮೇಲೆ ಸೇರಿದ ವರ್ಷ, ಬ್ರಾಂಚು, ಕೊನೆಯಲ್ಲಿ ಮೂರಂಕಿಯ ಕ್ರಮಸಂಖ್ಯೆ. ಪಿಯುಸಿ ಮುಗಿಸಿ ಬಂದವರ ಸಂಖ್ಯೆ 001ರಿಂದ ಶುರು. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವರದು 400ರಿಂದ. ಪರೀಕ್ಷಾ ಕೊಠಡಿಯ ಹೊರಗೆ ಅಂಟಿಸಿದ ಪಟ್ಟಿಯಲ್ಲಿ ನೂರರ ಆಚೀಚೆ ನಿಂತ ಸಂಖ್ಯೆ ಒಮ್ಮೆಲೇ ನಾಲ್ಕುನೂರಕ್ಕೆ ಹಾರುತ್ತದೆ. ಆ ಹಾರಿದ ಜಾಗದಲ್ಲಿ ನಾವಿರುತ್ತೇವೆ, ಲ್ಯಾಟರಲ್ ಎಂಟ್ರಿಯವರು.

2019ರಲ್ಲಿ ನಾನು ಆ ಸಾಲಿಗೆ ಸೇರಿದೆ. ಯಾವ ಕಾಲೇಜು, ಯಾವ ವಿಶ್ವವಿದ್ಯಾಲಯ ಎಂದು ತೀರ್ಮಾನ ಮಾಡಲು ಒದ್ದಾಡಿದ ಆ ಎರಡು ತಿಂಗಳನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಸಿಇಟಿ ಬರೆಯುವ ಪಿಯುಸಿ ಮಕ್ಕಳಿಗೆ ದಾರಿ ಹೇಳುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆಯುವವರಿಗೆ ಹೇಳುವವರು ಕಡಿಮೆ.

ನಮ್ಮದು ತಿಪಟೂರಿಗೆ ಒಂಬತ್ತು ಕಿಲೋಮೀಟರ್ ದೂರದ ಹಳ್ಳಿ. ತೆಂಗಿನ ತೋಟ, ಅಟ್ಟದ ತುಂಬ ಕಾಯಿ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಸೈನ್ಸ್‌ಗೆ ಟ್ಯೂಷನ್ ದುಡ್ಡು ಹೊಂದಿಸುವುದು ಕಷ್ಟ ಅಂತ ಸರ್ಕಾರಿ ಪಾಲಿಟೆಕ್ನಿಕ್ ಸೇರಿದೆ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್. ಮೂರು ವರ್ಷ ಚೆನ್ನಾಗಿಯೇ ಓದಿದೆ. ಕೊನೆಯ ಸೆಮಿಸ್ಟರಿನಲ್ಲಿ ಬೆಂಗಳೂರಿನ ಒಂದು ಕಾರ್ಖಾನೆಯವರು ಬಂದು ನಮ್ಮಲ್ಲಿ ಆರು ಹುಡುಗಿಯರನ್ನು ಟ್ರೇನಿ ಅಂತ ಆರಿಸಿಕೊಂಡರು. ನಾನೂ ಅದರಲ್ಲಿದ್ದೆ. ಅಮ್ಮನಿಗೆ ಅದೇ ಸಾಕು ಅನಿಸಿತ್ತು. ಅಪ್ಪ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೆಯ ದಿನ ತೋಟದಿಂದ ಬಂದು ಕೈಕಾಲು ತೊಳೆಯುತ್ತಾ, "ನಿಂಗೆ ಓದ್ಬೇಕು ಅಂತ ಐತಾ, ಇಲ್ವಾ? ಅದೊಂದು ಹೇಳವ್ವ. ಮಿಕ್ಕಿದ್ದು ನಾನು ನೋಡ್ಕಂತೀನಿ" ಅಂದರು. ಐತೆ ಅಂದೆ.

ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಓದಿದೆ, ಬರೆದೆ, ತೀರಾ ಒಳ್ಳೆಯದೂ ಅಲ್ಲದ ತೀರಾ ಕೆಟ್ಟದ್ದೂ ಅಲ್ಲದ ರ‍್ಯಾಂಕ್ ಬಂತು. ನಿಜವಾದ ಕಷ್ಟ ಶುರುವಾಗುವುದೇ ಇಂಥ ರ‍್ಯಾಂಕಿಗೆ. ಮೊದಲ ಐವತ್ತರಲ್ಲಿರುವವರು ಬೇಕಾದ್ದನ್ನು ಬರೆಯುತ್ತಾರೆ, ಕೊನೆಯಲ್ಲಿರುವವರು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ. ನಡುವಿನವರು ಕೂತು ಯೋಚಿಸಬೇಕು.

ಯೋಚಿಸುವ ಮೊದಲು ಕಾಗದಪತ್ರ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಮೀಸಲಾತಿ ಇದೆ. ನಾನು ಎರಡಕ್ಕೂ ಬರುತ್ತಿದ್ದೆ. ಆದರೆ ಬಾಯಲ್ಲಿ ಹೇಳಿದರಾಗದು. ಏಳರವರೆಗೆ ಓದಿದ ನಮ್ಮೂರ ಶಾಲೆಯಿಂದ ಒಂದು, ಹೈಸ್ಕೂಲಿನಿಂದ ಒಂದು ಸ್ಟಡಿ ಸರ್ಟಿಫಿಕೇಟ್ ತರಬೇಕು, ಮುಖ್ಯೋಪಾಧ್ಯಾಯರ ಸಹಿ ಆದ ಮೇಲೆ ಬಿಇಒ ಕಚೇರಿಯಲ್ಲಿ ಮೇಲುಸಹಿ ಆಗಬೇಕು. ಒಂದು ಶಾಲೆಯವರು ನಾನು ಓದಿದ ವರ್ಷಗಳನ್ನೇ ತಪ್ಪು ಬರೆದುಕೊಟ್ಟಿದ್ದರು. ನಾನು ಸಹಿ, ಸೀಲು ನೋಡಿದೆನೇ ಹೊರತು ವರ್ಷ ನೋಡಲಿಲ್ಲ. ಬಿಇಒ ಕಚೇರಿಯಲ್ಲಿ ಗುಮಾಸ್ತರು ಮಾರ್ಕ್ಸ್‌ಕಾರ್ಡ್ ಪಕ್ಕ ಇಟ್ಟು ನೋಡಿ ವಾಪಸ್ ಕೊಟ್ಟಾಗ ಮಧ್ಯಾಹ್ನ ಮೂರು ಗಂಟೆ. ಶಾಲೆಗೆ ಹೋಗಿ ಬರೆಸಿಕೊಂಡು ಬರುವಷ್ಟರಲ್ಲಿ ಕಚೇರಿ ಮುಚ್ಚಿತ್ತು. ಮಾರನೆಯ ದಿನ ಎರಡನೇ ಶನಿವಾರ. ಹೀಗೆ ಮೂರು ದಿನ ಹೋಯಿತು. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಮಾತ್ರ ಅಪ್ಪ ಮಾರ್ಚಿನಲ್ಲೇ ನಾಡಕಚೇರಿಯಿಂದ ಮಾಡಿಸಿಟ್ಟಿದ್ದರು. ಅದರ ಮೇಲಿನ ಆರ್.ಡಿ. ಸಂಖ್ಯೆ ಇಂದಿಗೂ ನನಗೆ ಬಾಯಿಪಾಠ. ದಾಖಲೆ ಪರಿಶೀಲನೆ ಆಗಿ ವೆರಿಫಿಕೇಷನ್ ಸ್ಲಿಪ್ ಕೈಗೆ ಬಂದ ದಿನ ಬಸ್ಸಿನಲ್ಲಿ ಅದನ್ನು ನಾಲ್ಕು ಸಲ ತೆಗೆದು ನೋಡಿದ್ದೆ.

ಇನ್ನು ಆಪ್ಷನ್ ಎಂಟ್ರಿ. ಅಂದರೆ ಬೇಕಾದ ಕಾಲೇಜು, ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ನಮೂದಿಸುವುದು. ಹಂಚಿಕೆಯ ಹೊತ್ತಿಗೆ ಕಂಪ್ಯೂಟರು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬಂದು ನಮ್ಮ ರ‍್ಯಾಂಕಿಗೆ ಎಲ್ಲಿ ಮೊದಲು ಸೀಟು ಸಿಗುತ್ತದೋ ಅಲ್ಲಿ ನಿಲ್ಲುತ್ತದೆ. ಕೆಳಗಿನದನ್ನು ನೋಡುವುದೇ ಇಲ್ಲ. ಆದ್ದರಿಂದ ಪಟ್ಟಿಯ ಕ್ರಮವೇ ತೀರ್ಮಾನ. ನನ್ನ ಗೆಳತಿಯರಲ್ಲಿ ಇಬ್ಬರು "ಸಿಗಲ್ಲ ಬಿಡು" ಅಂತ ಒಳ್ಳೆಯ ಕಾಲೇಜುಗಳನ್ನು ಕೆಳಗೆ ಹಾಕಿ, ಸಿಗುವಂಥದ್ದನ್ನು ಮೇಲೆ ಹಾಕಿದರು. ಸಿಗುವಂಥದ್ದೇ ಸಿಕ್ಕಿತು. ಕೆಳಗಿದ್ದ ಕಾಲೇಜಿನ ಕಟಾಫ್, ಅಂದರೆ ಸೀಟು ಸಿಕ್ಕ ಕೊನೆಯ ರ‍್ಯಾಂಕ್, ಆಮೇಲೆ ನೋಡಿದರೆ ಅವರ ರ‍್ಯಾಂಕಿಗಿಂತ ಹಿಂದೆ ನಿಂತಿತ್ತು. ಆ ಸಂಜೆ ಅವರು ಫೋನಿನಲ್ಲಿ ಅತ್ತಿದ್ದು ಮರೆಯಲಾಗುವುದಿಲ್ಲ. ಮೇಲೆ ಹಾಕಿದರೆ ನಷ್ಟವೇನೂ ಇಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ತಿಪಟೂರಿನ ಸೈಬರಿನಲ್ಲಿ ಹಿಂದಿನ ವರ್ಷದ ಕಟಾಫ್, ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಎಂದು ಹೇಳುವ ಆ ವರ್ಷದ ಸೀಟ್ ಮ್ಯಾಟ್ರಿಕ್ಸ್ ಎರಡನ್ನೂ ಪ್ರಿಂಟ್ ತೆಗೆಸಿಕೊಂಡು ಬಂದು ಅಂಗಳದಲ್ಲಿ ಹರಡಿಕೊಂಡು ಕೂತೆ. ಮೊದಲು ಕಂಡದ್ದು ವಿಚಿತ್ರವಾಗಿತ್ತು. ಯಾರೂ ಹೆಸರು ಕೇಳಿರದ ಕಾಲೇಜುಗಳಲ್ಲಿ ರಾಶಿ ಸೀಟು, ಎಲ್ಲರೂ ಬಯಸುವ ಕಾಲೇಜುಗಳಲ್ಲಿ ಬೆರಳೆಣಿಕೆಯಷ್ಟು. ಇದರ ಗುಟ್ಟು ಹೇಳಿಕೊಟ್ಟವರು ಪಾಲಿಟೆಕ್ನಿಕ್ಕಿನ ನಮ್ಮ ಮೇಡಂ. ಮೊದಲ ವರ್ಷದಲ್ಲಿ ಭರ್ತಿಯಾಗದೆ ಉಳಿದ ಸೀಟುಗಳು ಲ್ಯಾಟರಲ್ ಎಂಟ್ರಿಗೆ ಬರುತ್ತವೆ, ಅದರ ಮೇಲೆ ಮಂಜೂರಾದ ಸಂಖ್ಯೆಯ ಒಂದು ಸಣ್ಣ ಪಾಲು ಹೆಚ್ಚುವರಿಯಾಗಿ ಸೇರುತ್ತದೆ. ಮೊದಲ ವರ್ಷ ತುಂಬಿದ ಕಾಲೇಜಿನಲ್ಲಿ ನಮಗೆ ಉಳಿಯುವುದು ಆ ಸಣ್ಣ ಪಾಲು ಮಾತ್ರ. "ಸೀಟು ಜಾಸ್ತಿ ಇದೆ ಅಂತ ಖುಷಿಪಡಬೇಡ ಕಣಮ್ಮ, ಯಾಕೆ ಜಾಸ್ತಿ ಉಳಿದಿದೆ ಅಂತ ಕೇಳ್ಕೋ" ಅಂದರು. ಅವತ್ತಿನಿಂದ ಸೀಟ್ ಮ್ಯಾಟ್ರಿಕ್ಸನ್ನು ನಾನು ಬೇರೆ ಕಣ್ಣಿನಿಂದ ಓದತೊಡಗಿದೆ.

ಇನ್ನೂರು ಪುಟದ ಲಾಂಗ್ ಬುಕ್ಕಿನಲ್ಲಿ ಬರೆದ ಹೆಸರುಗಳು ಕರಗುತ್ತಾ ಕರಗುತ್ತಾ ಕೊನೆಗೆ ಮೂರು ಉಳಿದವು. ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಒಂದು ಕಾಲೇಜು, ಅಮ್ಮನ ಆಯ್ಕೆ. ತುಮಕೂರಿನ ಸಿದ್ಧಗಂಗಾ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ನಮ್ಮ ಕಡೆಯವರ ಬಾಯಲ್ಲಿ ಎಸ್‌ಐಟಿ. ಮೂರನೆಯದು ಬೆಂಗಳೂರಿನ ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಎಂಜಿನಿಯರಿಂಗ್, ಚಿಕ್ಕದಾಗಿ ಯುವಿಸಿಇ.

ಮೂರೂ ಎಂಜಿನಿಯರಿಂಗೇ, ಕೊನೆಗೆ ಸಿಗುವುದೂ ಬಿಇ ಪದವಿಯೇ. ಆದರೆ ಒಳಗಿನ ವ್ಯವಸ್ಥೆ ಮೂರಕ್ಕೂ ಬೇರೆ ಬೇರೆ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ವಿಟಿಯು ಹುಟ್ಟಿದಾಗ ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಅದರ ಕೆಳಗೆ ಬಂದವು. ಮನೆ ಹತ್ತಿರದ ಕಾಲೇಜು ಹಾಗೆ ಸಂಯೋಜನೆಗೊಂಡದ್ದು, ಅದರ ಪಠ್ಯ, ಪ್ರಶ್ನೆಪತ್ರಿಕೆ, ಫಲಿತಾಂಶ ಎಲ್ಲವೂ ವಿಶ್ವವಿದ್ಯಾಲಯದ್ದು. 1963ರಲ್ಲಿ ಶುರುವಾದ ಎಸ್‌ಐಟಿ ಕೂಡ ವಿಟಿಯುವಿನದೇ, ಆದರೆ ಸ್ವಾಯತ್ತ. ಪಠ್ಯ, ಪರೀಕ್ಷೆ ಕಾಲೇಜೇ ನೋಡಿಕೊಳ್ಳುತ್ತದೆ, ಪದವಿ ಮಾತ್ರ ವಿಟಿಯು ಕೊಡುತ್ತದೆ. ಯುವಿಸಿಇ ಇವೆರಡಕ್ಕೂ ಸೇರದು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿಸಿದ ಆ ಕಾಲೇಜು ವಿಟಿಯು ಬಂದ ಮೇಲೂ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಉಳಿಯಿತು. ನಾನು ಆರಿಸುವಾಗ ಅದು ಹಾಗೆಯೇ ಇತ್ತು. ಅದು ತಾನೇ ಒಂದು ವಿಶ್ವವಿದ್ಯಾಲಯವಾದದ್ದು ಆಮೇಲೆ, 2021ರ ಕಾಯ್ದೆಯಿಂದ.

ಪಿಯುಸಿ ಮುಗಿಸಿ ಬಂದವರಿಗೆ ಈ ವ್ಯತ್ಯಾಸ ಅಷ್ಟು ತಾಗದಿರಬಹುದು. ನಮಗೆ ತಾಗುತ್ತದೆ, ಅದರಲ್ಲೂ ಗಣಿತದಲ್ಲಿ. ನಮ್ಮ ಕಾಲದಲ್ಲಿ ಪಿಯುಸಿಯವರು ಮೊದಲ ವರ್ಷದಲ್ಲಿ ಎಂಜಿನಿಯರಿಂಗ್ ಗಣಿತದ ಎರಡು ಪೇಪರ್ ಮುಗಿಸಿ ಮೂರನೇ ಸೆಮಿಸ್ಟರಿನಲ್ಲಿ ಲ್ಯಾಪ್ಲಾಸ್, ಫೋರಿಯರ್ ಎಂಬ ಗಣಿತದ ವಿಧಾನಗಳಿಗೆ ಬರುತ್ತಿದ್ದರು. ನಾವು ಡಿಪ್ಲೊಮಾದ ಮೊದಲ ವರ್ಷದಲ್ಲಿ ಓದಿದ ಗಣಿತವನ್ನು ಎರಡು ವರ್ಷ ಮುಟ್ಟದೆ ಬಿಟ್ಟು ಅಲ್ಲಿಗೇ ಬಂದು ಬೀಳುತ್ತಿದ್ದೆವು. ಇದಕ್ಕೆಂದೇ ವಿಟಿಯುವಿನಲ್ಲಿ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಅಂತ ಎರಡು ಪೇಪರ್ ಇದ್ದವು, ಮೂರನೇ ಸೆಮಿಸ್ಟರಿಗೊಂದು, ನಾಲ್ಕನೆಯದಕ್ಕೊಂದು. ನಮ್ಮ ಕಾಲದ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಅದರ ಕೋಡು 18ಮ್ಯಾಟ್‌ಡಿಪ್31, 18ಮ್ಯಾಟ್‌ಡಿಪ್41. ಇದಕ್ಕೆ ಕ್ರೆಡಿಟ್ ಇರಲಿಲ್ಲ, ಮುಂದಿನ ವರ್ಷಕ್ಕೆ ಹೋಗಲು ಅಡ್ಡ ಬರುತ್ತಿರಲಿಲ್ಲ, ಆದರೆ ಪಾಸಾಗದೆ ಪದವಿ ಸಿಗುತ್ತಿರಲಿಲ್ಲ. ಅಡ್ಡ ಬರುವುದಿಲ್ಲ ಅಂತ ಮುಂದೆ ತಳ್ಳಿ ತಳ್ಳಿ ಎಂಟನೇ ಸೆಮಿಸ್ಟರಿನಲ್ಲೂ ಮ್ಯಾಟ್‌ಡಿಪ್ ಹೊತ್ತು ತಿರುಗುತ್ತಿದ್ದ ಸೀನಿಯರುಗಳ ಕಥೆ ಪಾಲಿಟೆಕ್ನಿಕ್ಕಿನಲ್ಲೇ ಕೇಳಿದ್ದೆವು. ಇನ್ನೊಂದು ತೊಡಕಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸುವುದು ಗೊತ್ತಿದ್ದರೆ ತಾನೆ ಲ್ಯಾಪ್ಲಾಸಿನಿಂದ ಬಿಡಿಸುವುದರ ಸುಖ ಗೊತ್ತಾಗುವುದು? ನಮಗೆ ಎರಡೂ ಒಂದೇ ಸೆಮಿಸ್ಟರಿನಲ್ಲಿ, ಒಂದೇ ವಾರದಲ್ಲಿ, ಬೇರೆ ಬೇರೆ ಕೊಠಡಿಗಳಲ್ಲಿ.

ಹಾಗಾಗಿ ನನ್ನ ಪ್ರಶ್ನೆಗಳು ಬದಲಾದವು. ಯಾವುದು ದೊಡ್ಡ ಕಾಲೇಜು ಅಂತ ಕೇಳುವುದು ಬಿಟ್ಟೆ. ನನಗೆ ತಪ್ಪಿಹೋದ ಒಂದು ವರ್ಷವನ್ನು ತುಂಬಿಕೊಳ್ಳಲು ಎಲ್ಲಿ ಸಮಯ ಸಿಗುತ್ತದೆ, ಎಲ್ಲಿ ಜನ ಸಿಗುತ್ತಾರೆ ಅಂತ ಕೇಳತೊಡಗಿದೆ. ಇದಕ್ಕೆ ಉತ್ತರ ಯಾವ ಪ್ರಾಸ್ಪೆಕ್ಟಸ್ಸಿನಲ್ಲೂ ಇರುವುದಿಲ್ಲ. ಹೋಗಿ ನೋಡಬೇಕು, 400ರ ಸಾಲಿನವರನ್ನೇ ಹುಡುಕಿ ಕೇಳಬೇಕು.

ತುಮಕೂರಿಗೆ ಅಪ್ಪನ ಜೊತೆ ಹೋದೆ. ಆ ವರ್ಷ ಜನವರಿ 21ರಂದು ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾಗಿದ್ದರು, 111 ವರ್ಷದ ಬದುಕು. ಅಂತಿಮ ದರ್ಶನಕ್ಕೆ ಅಪ್ಪ ನಮ್ಮೂರಿನ ಟೆಂಪೋದಲ್ಲಿ ಹೋಗಿ ರಾತ್ರಿಯೆಲ್ಲ ಸಾಲಿನಲ್ಲಿ ನಿಂತು ಬಂದಿದ್ದರು. ಅವರ ಪಾಲಿಗೆ ಬಿ.ಎಚ್. ರಸ್ತೆಯ ಆ ಕಾಲೇಜು ಮಠದ್ದು, ಅಲ್ಲಿಗೆ ಮಾತು ಮುಗಿಯಿತು. ನಾನು ಕ್ಯಾಂಟೀನಿನಲ್ಲಿ ಇಬ್ಬರು ಲ್ಯಾಟರಲ್ ಸೀನಿಯರುಗಳನ್ನು ಹಿಡಿದು ಕೂತೆ. ಒಬ್ಬಳು ಚಿಕ್ಕನಾಯಕನಹಳ್ಳಿ ಕಡೆಯವಳು, ನಮ್ಮದೇ ಮಾತು. ಅವಳು ಏನನ್ನೂ ಮುಚ್ಚಿಡಲಿಲ್ಲ. "ಮೊದ್ಲು ಎರಡು ತಿಂಗಳು ಕಣ್ಣು ಕತ್ತಲೆ ಬರ್ತದೆ ಕಣೇ. ಇಂಟರ್ನಲ್ಸ್ ಬೇಗ ಬೇಗ ಬರ್ತವೆ. ಆದ್ರೆ ನಾವು ಡಿಪ್ಲೊಮಾದವ್ರು ಹತ್ತು ಜನ ಒಟ್ಟಿಗೆ ಕೂತು ಓದ್ತೀವಿ, ಹೋದ ವರ್ಷದ ನೋಟ್ಸ್ ನಿಂಗೂ ಕೊಡ್ತೀನಿ" ಅಂದಳು. ಇಂಟರ್ನಲ್ಸ್ ಅಂದರೆ ಸೆಮಿಸ್ಟರಿನ ನಡುವೆ ಕಾಲೇಜೇ ನಡೆಸುವ ಕಿರುಪರೀಕ್ಷೆ. ಫೋನ್ ನಂಬರು ಕೊಟ್ಟಳು. ಆಮೇಲೆ ನಿಜವಾಗಿಯೂ ನೋಟ್ಸ್ ಕೊಟ್ಟಳು, ಎರಡು ಕೈಚೀಲ ತುಂಬ.

ಯುವಿಸಿಇ ನೋಡಲು ಸೋದರಮಾವ ಕರೆದುಕೊಂಡು ಹೋದರು. ಮೆಜೆಸ್ಟಿಕ್‌ನಿಂದ ಮೆಟ್ರೊ ಹತ್ತಿ ಮುಂದಿನ ನಿಲ್ದಾಣದಲ್ಲೇ ಇಳಿದೆವು. ಆ ನಿಲ್ದಾಣದ ಹೆಸರೂ ಸರ್ ಎಂ. ವಿಶ್ವೇಶ್ವರಯ್ಯ. ಅಲ್ಲಿಂದ ಕೆ.ಆರ್. ಸರ್ಕಲ್ಲಿಗೆ ನಡೆದುಕೊಂಡೇ ಹೋದೆವು. ಎಲೆಕ್ಟ್ರಾನಿಕ್ಸ್ ಇದ್ದದ್ದು ಆ ಹಳೆಯ ಆವರಣದಲ್ಲೇ. ಗೇಟಿನೊಳಗೆ ಕಾಲಿಟ್ಟಾಗ ಮೈ ಜುಮ್ಮೆಂದದ್ದು ನಿಜ. ನೂರು ವರ್ಷ ದಾಟಿದ ಕಾಲೇಜು, ಸರ್ಕಾರಿ ಶುಲ್ಕ, ಸುತ್ತ ಇಡೀ ಬೆಂಗಳೂರು. ಮಾವ ಅಲ್ಲೇ ತೀರ್ಮಾನ ಕೊಟ್ಟುಬಿಟ್ಟರು: "ಇದು ಬಿಟ್ಟು ಇನ್ಯಾವುದು ನೋಡ್ತೀಯವ್ವ?" ಅಲ್ಲಿ ಸಿಕ್ಕ ಒಬ್ಬ ಸೀನಿಯರ್ ಹುಡುಗಿ ಶಿವಮೊಗ್ಗ ಕಡೆಯವರು, ಅವರೂ ಡಿಪ್ಲೊಮಾದವರೇ. ಶುಲ್ಕ ಹಗುರ, ಇಂಟರ್ನ್‌ಶಿಪ್ಪಿಗೆ ಊರಲ್ಲೇ ದಾರಿ, ಆದರೆ ಇರುವ ಜಾಗ ಮೊದಲೇ ನೋಡಿಕೊಂಡು ಬಾ ಅಂದರು. ಅವರು ಹೇಳಿದ್ದು ನನ್ನ ತಲೆಯಲ್ಲಿ ಕೂತಿತು. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿಗೆ ಅರ್ಜಿ ಹಾಕಬಹುದು, ಆದರೆ ಕಾಲೇಜಿಗೆ ಸೇರಿದ ಮೇಲೆ ಹಾಕುವ ಅರ್ಜಿ ಅದು. ಆಯ್ಕೆ ಪಟ್ಟಿ ಬರುವವರೆಗೆ ಎಲ್ಲಾದರೂ ಇರಲೇಬೇಕು. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ ಸಹಾಯಧನ ಇತ್ತು, ಆಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಬೆಂಗಳೂರಿನ ನಡುಮಧ್ಯೆ ಅಷ್ಟರಲ್ಲಿ ಊಟಕ್ಕೆ ಸಾಲದು, ಬಾಡಿಗೆ ದೂರದ ಮಾತು.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಪುಟದಲ್ಲಿ ಯುವಿಸಿಇ: ಕಡಿಮೆ ಶುಲ್ಕ, ಮೇಲೆ ಪಿಜಿ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಖರ್ಚು. ಎದುರು ಪುಟದಲ್ಲಿ ಎಸ್‌ಐಟಿ: ಅದಕ್ಕಿಂತ ಹೆಚ್ಚಿನ ಶುಲ್ಕ, ಆದರೆ ಮನೆಯಿಂದಲೇ ಓಡಾಟ, ರೈಲಿನ ತಿಂಗಳ ಪಾಸು, ಅಮ್ಮನ ಡಬ್ಬಿ. ಆಗ ಶಕ್ತಿ ಯೋಜನೆ ಬಂದಿರಲಿಲ್ಲ, ಹಳ್ಳಿಯಿಂದ ತಿಪಟೂರಿನ ಬಸ್ ಚಾರ್ಜೂ ಲೆಕ್ಕಕ್ಕೆ ಬಂತು. ಮೂರು ವರ್ಷಕ್ಕೆ ಕೂಡಿ ನೋಡಿದರೆ ಎರಡೂ ಪುಟ ಹೆಚ್ಚು ಕಡಿಮೆ ಒಂದೇ ಮೊತ್ತಕ್ಕೆ ಬಂದು ನಿಂತವು. ನಾನು ಆ ಲೆಕ್ಕವನ್ನು ಎರಡು ಸಲ ಮಾಡಿದೆ, ಮಾವನ ಕೈಲಿ ಒಂದು ಸಲ ಮಾಡಿಸಿದೆ. ಶುಲ್ಕದ ಅಂಕಿಯೊಂದನ್ನೇ ನೋಡಿ ಇದು ಅಗ್ಗ, ಅದು ತುಟ್ಟಿ ಅಂದುಬಿಡುವವರಿಗೆ ಈ ಎರಡು ಪುಟ ತೋರಿಸಬೇಕು ಅಂತ ಈಗಲೂ ಅನಿಸುತ್ತದೆ.

ಮನೆ ಹತ್ತಿರದ ಕಾಲೇಜಿನ ಮಾತು ಹೇಳದೆ ಬಿಟ್ಟರೆ ಅಮ್ಮನಿಗೆ ಅನ್ಯಾಯವಾಗುತ್ತದೆ. ಅವರ ಮಾತಿನಲ್ಲಿ ಹುರುಳಿತ್ತು. ಮೂರು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ರೈಲು ಹಿಡಿಯುವ ಬದಲು ಏಳೂವರೆ ಬಸ್ಸು ಹತ್ತಿ ನೆಮ್ಮದಿಯಾಗಿ ಓದಬಹುದು, ಸಂಜೆ ಬೆಳಕಿರುವಾಗಲೇ ಮನೆ ಸೇರಬಹುದು. "ಓದೋಳು ಎಲ್ಲಿದ್ರೂ ಓದ್ತಾಳೆ" ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದದ್ದು ಹೆದರಿಕೆಯೊಂದೇ. ನಾನು ಒಬ್ಬಳೇ ಕೂತು ಓದಿ ಗಣಿತ ದಾಟುವವಳಲ್ಲ, ಪಕ್ಕದಲ್ಲಿ ಕೂತು ಓದುವವರು ಬೇಕು ಅಂತ ನನಗೆ ಗೊತ್ತಿತ್ತು. ಪಾಲಿಟೆಕ್ನಿಕ್ಕಿನಲ್ಲಿ ನಾನು ಮುಂದೆ ಬಂದದ್ದೇ ಹಾಗೆ. ಇದನ್ನು ಅಮ್ಮನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮೂರನೇದಾಗಿ ಹಾಕು, ತೆಗೀಬೇಡ" ಅಂದರು. ಹಾಗೇ ಮಾಡಿದೆ. ಯುವಿಸಿಇ ಒಂದು, ಎಸ್‌ಐಟಿ ಎರಡು, ಮನೆ ಹತ್ತಿರದ್ದು ಮೂರು.

ಮೊದಲ ಸುತ್ತಿನಲ್ಲಿ ಎಸ್‌ಐಟಿ ಎಲೆಕ್ಟ್ರಾನಿಕ್ಸ್ ಸಿಕ್ಕಿತು.

ಇಲ್ಲಿಂದ ಮುಂದೆ ನಾಲ್ಕು ದಾರಿ. ಚಾಯ್ಸ್ 1 ಅಂದರೆ ಸಿಕ್ಕಿದ್ದು ಒಪ್ಪಿಗೆ, ಶುಲ್ಕ ಕಟ್ಟಿ ಕಾಲೇಜಿಗೆ ಹೋಗುವುದು. ಚಾಯ್ಸ್ 2 ಅಂದರೆ ಸಿಕ್ಕಿದ್ದು ಇರಲಿ, ಅದರ ಮೇಲಿನದಕ್ಕೆ ಮುಂದಿನ ಸುತ್ತಿನಲ್ಲೂ ನೋಡುತ್ತೇನೆ ಎನ್ನುವುದು. ಮೇಲಿನದು ಸಿಕ್ಕರೆ ಕೈಯಲ್ಲಿರುವುದು ತಾನಾಗಿ ಹೋಗುತ್ತದೆ. ಚಾಯ್ಸ್ 3 ಅಂದರೆ ಸಿಕ್ಕಿದ್ದು ಬೇಡವೇ ಬೇಡ, ಮುಂದಿನ ಸುತ್ತಿಗೆ ಮಾತ್ರ ಇರುತ್ತೇನೆ. ಚಾಯ್ಸ್ 4 ಅಂದರೆ ಇಡೀ ಪ್ರಕ್ರಿಯೆಯಿಂದಲೇ ಹೊರಗೆ. ನನ್ನದು ಒಂದೋ ಎರಡೋ ಅನ್ನುವ ಪ್ರಶ್ನೆ. ಮಾವ ದಿನಕ್ಕೆ ಮೂರು ಸಲ ಫೋನ್ ಮಾಡಿ "ಎರಡು ಹಾಕು, ಯುವಿಸಿಇ ಬಂದ್ರೂ ಬರಬಹುದು" ಅನ್ನುತ್ತಿದ್ದರು. ಹಿಂದಿನ ವರ್ಷದ ಕಟಾಫ್ ನೋಡಿದರೆ ಅವರ ಮಾತು ಸುಳ್ಳಲ್ಲ. ಎರಡನೇ ಸುತ್ತಿನಲ್ಲಿ ನನ್ನ ಪ್ರವರ್ಗದ ಕನ್ನಡ ಮಾಧ್ಯಮದ ಸೀಟು ನನ್ನ ರ‍್ಯಾಂಕಿನ ಆಸುಪಾಸಿನಲ್ಲೇ ಮುಗಿದಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಒಂದು ಕಡೆ ಹೆಸರು. ವಿಶ್ವೇಶ್ವರಯ್ಯನವರ ಕಾಲೇಜಿನಲ್ಲಿ ಓದಿದೆ ಅಂತ ಹೇಳಿಕೊಳ್ಳುವ ಆಸೆ ನನಗೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಕಡೆ ಕ್ಯಾಲೆಂಡರು. ಮೂರನೇ ಸೆಮಿಸ್ಟರಿನ ಪಾಠ ಆಗಲೇ ಶುರುವಾಗಿತ್ತು. ಎರಡನೇ ಸುತ್ತು ಮುಗಿದು, ಫಲಿತಾಂಶ ಬಂದು, ಶುಲ್ಕ ಕಟ್ಟಿ, ಜಾಗ ಹುಡುಕಿ ಸೇರುವ ಹೊತ್ತಿಗೆ ಇನ್ನೂ ಎರಡು ಮೂರು ವಾರ ಹೋಗುತ್ತದೆ. ಒಂದು ವರ್ಷದ ಗಣಿತ ಕಳೆದುಕೊಂಡು ಬರುವವಳಿಗೆ ಮೂರು ವಾರ ಅಂದರೆ ಮೂರು ವಾರವಲ್ಲ. ಚಿಕ್ಕನಾಯಕನಹಳ್ಳಿಯ ಹುಡುಗಿಗೆ ಫೋನ್ ಮಾಡಿದೆ. ಇಂಟರ್ನಲ್ಸ್ ಯಾವಾಗ ಅಂತ ಕೇಳಿದೆ. "ಬರೋ ಇಪ್ಪತ್ತು ದಿನದೊಳಗೆ. ಬರೋದಾದ್ರೆ ಈಗ್ಲೇ ಬಾ" ಅಂದಳು.

ಬೆಳಿಗ್ಗೆ ಎದ್ದು ಅಪ್ಪನಿಗೆ ಚಾಯ್ಸ್ 1 ಅಂದೆ. ಅಪ್ಪ ಕಾರಣ ಕೇಳಲಿಲ್ಲ. ಅಟ್ಟದ ಮೇಲೆ ಹತ್ತಿ ಹೋದರು. ಕಾಯಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಅಟ್ಟದಲ್ಲಿರಬೇಕು. ಒಂದು ಪಾಲು ಮಾಗಿತ್ತು, ಇನ್ನೊಂದು ಪಾಲಿನಲ್ಲಿ ಇನ್ನೂ ನೀರು ಅಲುಗುತ್ತಿತ್ತು. ಮಾಗಿದ್ದನ್ನು ಸುಲಿಸಿ ಒಡೆಸಿ ತಿಪಟೂರಿನ ಮಾರುಕಟ್ಟೆಗೆ ಹಾಕಿದರು. ಸಾಲದ್ದಕ್ಕೆ ಉಳಿದದ್ದನ್ನು ಕಾಯಿಯಾಗಿಯೇ ಮಾರಿದರು. ಕೊಬ್ಬರಿಯಾಗಿ ಮಾರಿದ್ದರೆ ಎಷ್ಟು ಬರುತ್ತಿತ್ತು ಅನ್ನುವ ಲೆಕ್ಕ ನನಗೂ ಗೊತ್ತು, ಅವರಿಗೂ ಗೊತ್ತು. ಆ ಬಗ್ಗೆ ನಾವಿಬ್ಬರೂ ಮಾತಾಡಿಲ್ಲ.

ಶುಲ್ಕ ಕಟ್ಟಿದ ಮೇಲೆ ಅಡ್ಮಿಷನ್ ಆರ್ಡರ್ ತೆಗೆದುಕೊಂಡು ಕಾಲೇಜಿಗೆ ಹೋಗಿ ಮೂಲ ದಾಖಲೆ ಒಪ್ಪಿಸಿದೆ. ಮೊದಲ ದಿನ ಹಾಜರಿ ಕರೆಯುವಾಗ ಅಚ್ಚಾದ ಪಟ್ಟಿ ಮುಗಿದ ಮೇಲೆ ಕೆಳಗೆ ಪೆನ್ನಿನಲ್ಲಿ ಬರೆದ ಹೆಸರುಗಳು ಬಂದವು, ಅದರಲ್ಲಿ ನನ್ನದು ಐದನೆಯದು. ಹಿಂದಿನ ಬೆಂಚಿನಲ್ಲಿ ನಾವೆಲ್ಲ ಸಾಲಾಗಿ ಕೂತಿದ್ದೆವು, ದಾವಣಗೆರೆ, ಮಧುಗಿರಿ, ಹಾಸನ, ಕಡೂರು. ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದರಲ್ಲಿ ನನಗೆ ಸಮ ಚಿಹ್ನೆ ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಮೊದಲ ಇಂಟರ್ನಲ್ಸ್‌ನಲ್ಲಿ ಗಣಿತದಲ್ಲಿ ಬಂದ ಅಂಕ ಮನೆಯಲ್ಲಿ ಹೇಳಲಿಲ್ಲ.

ಆದರೆ ಅದೇ ವಾರ ಲ್ಯಾಬ್ ಇತ್ತು. ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಕಟ್ಟಿ, ವಿದ್ಯುತ್ತಿನ ಅಲೆ ಕಾಣಿಸುವ ಸಿಆರ್‌ಒ ಉಪಕರಣದ ಪರದೆಯಲ್ಲಿ ಅಲೆ ತೋರಿಸಬೇಕು. ಪಿಯುಸಿಯಿಂದ ಬಂದ ಜಾಣ ಮಕ್ಕಳು ಪ್ರೋಬ್ ಯಾವ ಕಡೆ ಹಿಡಿಯುವುದು ಎಂದು ತಡವರಿಸುತ್ತಿದ್ದರು. ನಾವು ಮೂರು ವರ್ಷ ಅದರಲ್ಲೇ ಕೈಯಾಡಿಸಿದವರು. ಇಪ್ಪತ್ತು ನಿಮಿಷದಲ್ಲಿ ನನ್ನ ಅಲೆ ಪರದೆಯ ಮೇಲೆ ನಿಂತಿತು. ಪಕ್ಕದ ಮೇಜಿನ ಹುಡುಗಿ, ಬೆಂಗಳೂರಿನವಳು, ತರಗತಿಗೇ ಮೊದಲು ಬರುತ್ತಿದ್ದವಳು, "ನಂಗೂ ಸ್ವಲ್ಪ ತೋರಿಸ್ತೀಯಾ?" ಅಂದಳು. ತೋರಿಸಿದೆ. ಸಂಜೆ ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಅವಳು ಲೈಬ್ರರಿಯಲ್ಲಿ ಕೂರಿಸಿ ಪಾರ್ಷಿಯಲ್ ಫ್ರ್ಯಾಕ್ಷನ್ ಮೊದಲಿನಿಂದ ಹೇಳಿಕೊಟ್ಟಳು. ಆ ಸೆಮಿಸ್ಟರು ಪೂರ್ತಿ ಹಾಗೇ ನಡೆಯಿತು, ಅವಳಿಗೆ ಲ್ಯಾಬು, ನನಗೆ ಗಣಿತ. ರೈಲಿನಲ್ಲಿ ಅರಸೀಕೆರೆ, ತಿಪಟೂರಿನ ಇನ್ನೂ ಮೂವರು ಸಿಕ್ಕರು. ಕಿಟಕಿ ಪಕ್ಕ ಸೀಟು ಸಿಕ್ಕವರು ಪುಸ್ತಕ ಹಿಡಿಯುವುದು, ಮಿಕ್ಕವರು ಕೇಳುವುದು. ಗುಬ್ಬಿ ದಾಟುವಷ್ಟರಲ್ಲಿ ಒಂದು ಲೆಕ್ಕ ಮುಗಿಯುತ್ತಿತ್ತು. ಡಿಪ್ಲೊಮಾದವರ ಆ ಹೆಚ್ಚುವರಿ ಗಣಿತವನ್ನು ಎರಡೂ ಸೆಮಿಸ್ಟರಿನಲ್ಲಿ ಆಗಿಂದಾಗಲೇ ಮುಗಿಸಿದೆ, ಮುಂದಕ್ಕೆ ತಳ್ಳಲಿಲ್ಲ. ನಾಲ್ಕನೇ ಸೆಮಿಸ್ಟರಿನ ನಡುವೆ, 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಬಂದು ಎಲ್ಲರೂ ಮನೆ ಸೇರಿದಾಗ ನೆಟ್‌ವರ್ಕ್ ಸಿಗುತ್ತಿದ್ದದ್ದು ತೋಟದ ಬದುವಿನ ಮೇಲೆ ಮಾತ್ರ. ಅಲ್ಲಿ ಕೂತು ಫೋನಿನಲ್ಲೇ ಒಬ್ಬರಿಗೊಬ್ಬರು ಹೇಳಿಕೊಟ್ಟೆವು.

ಎರಡನೇ ಸುತ್ತಿನ ಫಲಿತಾಂಶ ಬಂದಾಗ ಯುವಿಸಿಇಯ ಕಟಾಫ್ ನೋಡಿದೆ. ನೋಡಬಾರದು ಅಂದುಕೊಂಡೂ ನೋಡಿದೆ. ಚಾಯ್ಸ್ 2 ಹಾಕಿದ್ದರೆ ಸಿಗುತ್ತಿತ್ತು. ಅವತ್ತು ಸಂಜೆ ರೈಲಿನಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ಮಾವನಿಗೆ ನಾನೇ ಫೋನ್ ಮಾಡಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಇಂಟರ್ನಲ್ಸ್ ಬರೆದ್ಯಾ?" ಅಂತಷ್ಟೇ ಕೇಳಿದರು.

2022ರಲ್ಲಿ ಬಿಇ ಮುಗಿಯಿತು. ಲ್ಯಾಟರಲ್‌ನವರ ಸಿಜಿಪಿಎ ಮೂರರಿಂದ ಎಂಟನೇ ಸೆಮಿಸ್ಟರಿನ ಆರು ಸೆಮಿಸ್ಟರಿನದು ಮಾತ್ರ. ಮೊದಲ ಕಷ್ಟದ ಸೆಮಿಸ್ಟರಿನ ಅಂಕ ಅದರಲ್ಲಿ ದೊಡ್ಡದಾಗಿಯೇ ಕಾಣುತ್ತದೆ, ನನ್ನದರಲ್ಲೂ ಕಂಡಿತು. ಕೆಲಸ ಸಿಕ್ಕಿತು, ಮಾಡುತ್ತಿದ್ದೇನೆ.

ಹೋದ ವರ್ಷ ಪಕ್ಕದ ಮನೆಯ ಹುಡುಗಿ ಡಿಸಿಇಟಿ ಬರೆದಳು. ಈಗ ಎಲ್ಲ ಬ್ರಾಂಚಿನವರಿಗೂ ಒಂದೇ ಪ್ರಶ್ನೆಪತ್ರಿಕೆ, ನಮ್ಮ ಕಾಲದ ಹಾಗಲ್ಲ. ಒಂದು ಭಾನುವಾರ ಕಟಾಫ್ ಹಾಳೆ ಹಿಡಿದುಕೊಂಡು ಬಂದು, "ಅಕ್ಕ, ನೀವು ಹೆಂಗೆ ಆರಿಸಿದ್ರಿ ಹೇಳಿ" ಅಂದಳು. ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಹಳೆಯ ಲಾಂಗ್ ಬುಕ್ಕು ತೆಗೆದು ಎರಡು ಪುಟದ ಲೆಕ್ಕವನ್ನೂ ತೋರಿಸಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ತನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಯುವಿಸಿಇ ಬರೆದಳು, ಸಿಗದಿದ್ದರೆ ಚಾಯ್ಸ್ 2 ಅಂತಲೂ ಹೇಳಿದಳು. ಯಾಕೆ ಅಂದೆ. "ನಮ್ಮ ಚಿಕ್ಕಮ್ಮ ಮಲ್ಲೇಶ್ವರದಲ್ಲಿ ಇದಾರಲ್ಲಕ್ಕ, ಜಾಗದ ಚಿಂತೆ ಇಲ್ಲ. ಗಣಿತ ನಂಗೆ ಒಬ್ಳೇ ಕೂತ್ರೂ ಬರ್ತದೆ" ಅಂದಳು. ಅವಳ ಮಾರ್ಕ್ಸ್‌ಕಾರ್ಡ್ ನೋಡಿದೆ. ಬರುತ್ತಿತ್ತು. ಸ್ಟಡಿ ಸರ್ಟಿಫಿಕೇಟಿನಲ್ಲಿ ವರ್ಷ ಸರಿಯಿದೆಯಾ ಅಂತ ಮಾತ್ರ ಕೂತು ಒಂದೊಂದೇ ಓದಿ ನೋಡಿ ವಾಪಸ್ ಕೊಟ್ಟೆ.